ಅರ್ಧಂಬರ್ಧ ಇಳಿದ ಬಾವು

“ನೋವು ಅಷ್ಟೇನಿಲ್ಲ ಡಾಕ್ಟ್ರೇ, ಗಂಟು ಮಾತ್ರ ಹೋಗ್ತಾ ಇಲ್ಲ.” ಬೀಜದ ಬಾವು ಎಂದು ಬರುತ್ತಿದ್ದ ಅವರು ಮೂರನೇ ಸಲ ಬಂದಾಗ ಹೇಳಿದ ಮಾತಿದು. ಮೊದಲೆರಡು ಸಲ ನಾನು ಸಾಮಾನ್ಯ ಸೋಂಕೆಂದುಕೊಂಡು ಲೆವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದಿದ್ದೆ. ಎರಡು ಸಲವೂ ಕೊಂಚ ಇಳಿದು ಮತ್ತೆ ಬಂದಿತ್ತು. ಆ ಕೊಂಚ ಇಳಿದದ್ದೇ ನನ್ನ ದಾರಿ ತಪ್ಪಿಸಿತು. ಈ ಗುಂಪಿನ ಔಷಧಗಳು ಟಿಬಿ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಅದುಮಿಡುತ್ತವೆ. ರೋಗ ವಾಸಿಯಾಗುವುದಿಲ್ಲ, ಪರೀಕ್ಷೆಗೂ ಸಿಗದಂತೆ ಅಡಗಿಕೊಳ್ಳಬಹುದು.

ಆ ದಿನ ಆತುರಪಡದೆ ಕೈಯಿಟ್ಟು ನೋಡಿದೆ. ವೃಷಣ ಸಹಜವಾಗಿತ್ತು. ಅದರ ಹಿಂಬದಿಗೆ ಅಂಟಿಕೊಂಡಿರುವ, ವೀರ್ಯಾಣು ಬಲಿಯುವ ಸುರುಳಿ ನಾಳ ಎಪಿಡಿಡಿಮಿಸ್, ಅದರಲ್ಲೂ ಕೆಳತುದಿ, ಕಲ್ಲಿನಂತೆ ಗಟ್ಟಿಯಾಗಿ ಉಬ್ಬುತಗ್ಗಾಗಿತ್ತು. ಹೊಸ ಸೋಂಕಾಗಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ. ಇವರು ಸುಮ್ಮನೆ ಮಲಗಿದ್ದರು. ವೀರ್ಯನಾಳವನ್ನು ಎರಡು ಬೆರಳ ನಡುವೆ ಹಿಡಿದು ಮೇಲಕ್ಕೆ ಸವರುತ್ತ ಹೋದರೆ ದಾರಕ್ಕೆ ಮಣಿ ಪೋಣಿಸಿದ ಹಾಗೆ ಗಂಟಿನ ಮೇಲೆ ಗಂಟು. ಮೊದಲ ದಿನವೇ ಹೀಗೆ ಸವರಿದ್ದರೆ ಗೊತ್ತಾಗುತ್ತಿತ್ತು. ಕೆಲವರಲ್ಲಿ ವೃಷಣದ ಚೀಲದ ಹಿಂಭಾಗದಲ್ಲಿ ತೂತಾಗಿ ಕೀವು ಒಸರುವುದನ್ನೂ ನೋಡಿದ್ದೇನೆ, ಅಷ್ಟರವರೆಗೆ ಕಾಯಬಾರದು.

ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಅದರಿಂದ ಸಮಾಧಾನಪಡುವ ಹಾಗಿಲ್ಲ. ಎಂದೋ ಶ್ವಾಸಕೋಶಕ್ಕೆ ಬಂದ ಬ್ಯಾಕ್ಟೀರಿಯಾ ರಕ್ತದಲ್ಲಿ ಸಾಗಿ ಇಲ್ಲಿ ನೆಲೆಸಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಕಿಡ್ನಿಯಿಂದ ಮೂತ್ರದ ಜೊತೆ ಇಳಿದು ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಮೂಲಕವೂ ಬರುತ್ತದೆ. ಅವರ ಹಳೆಯ ಮೂತ್ರದ ವರದಿ ತೆಗೆದು ನೋಡಿದೆ: ಕೀವಿನ ಕಣಗಳು ತುಂಬ ಇದ್ದವು, ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. ಕೀವಿದ್ದೂ ಏನೂ ಬೆಳೆಯದಿದ್ದರೆ ಟಿಬಿಯನ್ನು ನೆನೆಯಬೇಕು. ಆ ಸುಳಿವು ನನ್ನ ಫೈಲಿನಲ್ಲೇ ಇತ್ತು.

ಬ್ಯಾಕ್ಟೀರಿಯಾ ಮೂತ್ರದಲ್ಲಿ ದಿನವೂ ಬೀಳುವುದಿಲ್ಲ. ಹಾಗಾಗಿ ಮೂರು ದಿನ ಬೆಳಗಿನ ಮೊದಲ ಮೂತ್ರ ತರಿಸಿದೆ. ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್‌ ಪರೀಕ್ಷೆಯಲ್ಲಿ ಎರಡು ದಿನದ್ದು ನೆಗೆಟಿವ್, ಮೂರನೆಯದು ಪಾಸಿಟಿವ್. ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಪ್ರತಿರೋಧವಿಲ್ಲ ಎಂದೂ ಅದೇ ಹೇಳಿತು. ಕಲ್ಚರ್‌ಗೂ ಕಳಿಸಿದೆ, ಅದಕ್ಕೆ 6ರಿಂದ 8 ವಾರ ಹಿಡಿಯಬಹುದು. ಎಚ್‌ಐವಿ, ಸಕ್ಕರೆ, ಲಿವರ್ ಪರೀಕ್ಷೆ, ಕಿಡ್ನಿಯ ಸ್ಕ್ಯಾನಿಂಗ್ ಎಲ್ಲವೂ ಆಯಿತು. ಗಟ್ಟಿತನ ವೃಷಣದೊಳಗೇ ಇದ್ದಿದ್ದರೆ ಕ್ಯಾನ್ಸರ್ ಇರಬಹುದೆಂದು ರಕ್ತಪರೀಕ್ಷೆಗಳನ್ನು ಮೊದಲು ಮಾಡಿಸುತ್ತಿದ್ದೆ. ಆ ಅನುಮಾನವಿದ್ದಾಗ ಚೀಲದ ಮೂಲಕ ಸೂಜಿ ಹಾಕಲೇಬಾರದು.

ಕಾಯಿಲೆಯ ಹೆಸರು ಹೇಳಿದೊಡನೆ ಅವರು ತಲೆ ತಗ್ಗಿಸಿದರು. “ಮನೆಯವರು ತಪ್ಪು ತಿಳ್ಕೊಂಡಿದ್ದಾರೆ.” ಮರುದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೆ. ಎದೆಗೆ ಬರುವ ಟಿಬಿಯೇ ಇಲ್ಲಿಗೂ ಬಂದಿದೆ, ಎಲ್ಲೋ ಹೋಗಿ ತಂದುಕೊಂಡದ್ದಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ವೀರ್ಯದ ಮೂಲಕ ಹರಡುವುದು ತೀರಾ ಅಪರೂಪ, ಆದರೂ ಚಿಕಿತ್ಸೆ ಮುಗಿಯುವವರೆಗೆ ಕಾಂಡೋಮ್ ಇರಲಿ ಎಂದೆ. ಆಕೆ ಗಂಡನ ಕಡೆ ತಿರುಗಿ ನೋಡಿದ್ದು ಆಗಲೇ.

ಮಾತ್ರೆ 6 ತಿಂಗಳು. ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬುಟಾಲ್. ನಂತರದ 4 ತಿಂಗಳು ಮುಖ್ಯವಾಗಿ ಮೊದಲೆರಡು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ರಕ್ತವೆಂದು ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ವಾಂತಿ ಬಂದರೆ, ಕಣ್ಣು ಹಳದಿಯಾದರೆ, ಬಣ್ಣಗಳು ಮಂಕಾಗಿ ಕಂಡರೆ ಅದೇ ದಿನ ಬರಬೇಕು. ಕಿಡ್ನಿ ಸ್ಕ್ಯಾನಿಂಗ್ ಮಾತ್ರ ನಡುವೆ ಮತ್ತೆ ಮಾಡಿಸಿದೆ. ಗಾಯ ಮಾಯುವಾಗ ಕಿಡ್ನಿಯಿಂದ ಇಳಿಯುವ ಮೂತ್ರನಾಳ ಕಿರಿದಾಗಿ ಕಿಡ್ನಿ ಸದ್ದಿಲ್ಲದೆ ಹಾಳಾಗಬಹುದು, ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವಾಗಲೇ.

6 ತಿಂಗಳಿಗೆ ಗಂಟು ಕಡಲೆಕಾಳಿನಷ್ಟಾಯಿತು, ಮೂತ್ರ ತಿಳಿಯಾಯಿತು. ವೀರ್ಯದಲ್ಲಿ ಮಾತ್ರ ಒಂದೂ ವೀರ್ಯಾಣು ಇರಲಿಲ್ಲ. ನಾಳಗಳು ಅಲ್ಲಲ್ಲಿ ಕಟ್ಟಿಕೊಂಡಿದ್ದವು, ಅದನ್ನು ಮಾತ್ರೆ ಬಿಡಿಸುವುದಿಲ್ಲ. ಮಗು ಬೇಕೆಂದಿದ್ದ ಅವರಿಗೆ, ವೃಷಣದಿಂದಲೇ ವೀರ್ಯಾಣು ತೆಗೆದು ಇಕ್ಸಿ, ಅಂದರೆ ಅದನ್ನು ನೇರ ಅಂಡದೊಳಗೆ ಚುಚ್ಚುವ ವಿಧಾನ, ಮಾಡುವ ದಾರಿಯಿದೆ ಎಂದು ವಿವರಿಸಿದೆ. ನಾನು ಎರಡು ಸಲ ತಪ್ಪಿದ್ದನ್ನೂ ಅವತ್ತೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವಾಗ ಬರಬೇಕು?” ಎಂದು ಕೇಳಿದರು.