ಕೆಂಚ ಮನೆಯಲ್ಲಿ ಒಬ್ಬನೇ ಇರಲು ಕಲಿತ ಬಗೆ

ನಮ್ಮ ನಾಯಿ ಕೆಂಚ ಈಗ ನಾಲ್ಕು ಗಂಟೆಗೂ ಹೆಚ್ಚು ಕಾಲ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅದರಲ್ಲಿ ಬಹುಪಾಲನ್ನು ನಿದ್ದೆಯಲ್ಲೇ ಕಳೆಯುತ್ತಾನೆ. ಇದು ಆಗದ ಕೆಲಸವೆಂದವರಲ್ಲಿ ಹಣ ಪಡೆದ ತರಬೇತುದಾರರೂ ಇದ್ದರು, ಆದ್ದರಿಂದಲೇ ಬರೆಯುತ್ತಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ನಮ್ಮ ಬೀದಿಯಿಂದಲೇ ಮನೆ ಸೇರಿದ ಮರಿ ಅವನು. ಹೆಚ್ಚುಕಡಿಮೆ ಎರಡು ವರ್ಷ ಜನರಿಲ್ಲದ ಮನೆಯನ್ನೇ ಕಂಡಿರಲಿಲ್ಲ. ಕಚೇರಿ ಮತ್ತೆ ತೆರೆದ ಕೆಲವೇ ವಾರಗಳಲ್ಲಿ ಮುಂಬಾಗಿಲ ಕೆಳಭಾಗ ಅವನ ಉಗುರಿನ ಗೀರುಗಳಿಂದ ತುಂಬಿಹೋಯಿತು, ಕೆಳಮನೆಯವರ ದೂರು ದಿನಚರಿಯಾಯಿತು. “ಕಟ್ಟಿಹಾಕಿ ಹೋಗಿ ಮೇಡಂ, ಎರಡು ದಿನ ಕೂಗಿ ಸುಮ್ಮನಾಗುತ್ತೆ” ಎಂಬ ಸಲಹೆಯೂ ಅವರದೇ.

ಮೊದಲು ಹಣ ಹೋದ ದಾರಿಗಳನ್ನು ಹೇಳುತ್ತೇನೆ. ಕ್ರೇಟಿಗೆ, ಅಂದರೆ ನಾಯಿಯನ್ನು ಒಳಗೆ ಬಿಡುವ ಸರಳಿನ ಪಂಜರಕ್ಕೆ, ಸುಮಾರು 6,500 ರೂಪಾಯಿ ಕೊಟ್ಟೆವು. ಒಳಗಿದ್ದಾಗ ಸರಳುಗಳನ್ನು ಕಚ್ಚಿ, ಕೆರೆದು, ಮುಂಗಾಲಿನ ಉಗುರೊಂದನ್ನು ಬುಡದಿಂದ ಮುರಿದುಕೊಂಡ. ಅದರ ಚಿಕಿತ್ಸೆಗೆ ಇನ್ನೂ ಒಂದೆರಡು ಸಾವಿರ ಹೋಯಿತು, ಕ್ರೇಟನ್ನು ಅರ್ಧ ಬೆಲೆಗೆ ಮಾರಿದೆವು. ತರಬೇತಿಗೆ 14,000ದ ಆಸುಪಾಸು ಖರ್ಚಾಯಿತು. ಕುಳಿತುಕೊಳ್ಳುವುದು, ಕಾಯುವುದು ಎಲ್ಲವನ್ನೂ ಕೆಂಚ ಸೊಗಸಾಗಿ ಕಲಿತ, ಆದರೆ ಬಾಗಿಲು ಮುಚ್ಚಿದ ಮರುಕ್ಷಣ ಆ ವಿದ್ಯೆಯೊಂದೂ ಉಳಿಯುತ್ತಿರಲಿಲ್ಲ, ಏಕೆಂದರೆ ಅವನದು ಅವಿಧೇಯತೆಯಲ್ಲ, ಗಾಬರಿ. ಜೊತೆಗೊಂದು ನಾಯಿಯಿದ್ದರೆ ಸರಿಹೋದೀತೆಂದು ಗೆಳತಿಯ ನಾಯಿಯನ್ನು ವಾರದ ಮಟ್ಟಿಗೆ ತಂದಿಟ್ಟುಕೊಂಡೆವು; ಒಬ್ಬನ ಬದಲು ಇಬ್ಬರು ಊಳಿಟ್ಟರು. ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟು ಹೋದರೆ, ನಾನು ಮರಳುವವರೆಗೆ ಅದನ್ನು ಮುಟ್ಟದೆ, ಬಂದ ಮೇಲೆ ಒಂದೇ ಉಸಿರಿನಲ್ಲಿ ನೆಕ್ಕಿ ಮುಗಿಸುತ್ತಿದ್ದ. ಇಷ್ಟದ ತಿಂಡಿಯನ್ನೂ ಮುಟ್ಟದ ನಾಯಿ ಹಟ ಮಾಡುತ್ತಿಲ್ಲ, ಹೆದರಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಫಲ ಕೊಟ್ಟ ಕ್ರಮಕ್ಕೆ ಒಂದೇ ಕಟ್ಟುನಿಟ್ಟು: ಅವನು ತಾಳಬಲ್ಲ ಅವಧಿಯನ್ನು ಮೀರಿ ಒಂದು ದಿನವೂ ಒಂಟಿಯಾಗಿ ಬಿಡಬಾರದು. ಅಭ್ಯಾಸ ನಡೆದಷ್ಟು ತಿಂಗಳೂ ಈ ನಿಯಮವನ್ನು ಪಾಲಿಸಿದೆವು, ನಿಜವಾದ ಖರ್ಚೂ ಇದರದೇ. ವಾರದಲ್ಲಿ ಎರಡು ಮೂರು ದಿನ ನಾಯಿಗಳನ್ನು ಹಗಲು ನೋಡಿಕೊಳ್ಳುವ ಡೇ ಕೇರ್‌ಗೆ ದಿನಕ್ಕೆ 600ರಂತೆ ಕೊಟ್ಟೆವು, ಉಳಿದ ದಿನಗಳನ್ನು ನಾನೂ ನನ್ನ ಗಂಡನೂ ಪಾಳಿ ಹಾಕಿಕೊಂಡು ನಿಭಾಯಿಸಿದೆವು; ಮದುವೆ, ನಾಮಕರಣಗಳಿಗೆ ಒಬ್ಬರೇ ಹೋಗಿ ನೆಂಟರ ಮಾತು ಕೇಳಿದೆವು. ಒಟ್ಟು 40,000 ಮುಟ್ಟಿರಬಹುದು.

ಅಭ್ಯಾಸ ಶುರುವಾದದ್ದು ಬಾಗಿಲಿನಿಂದಲ್ಲ, ಬೀಗದ ಕೈ ಗೊಂಚಲಿನಿಂದ. ಗೊಂಚಲನ್ನು ಆಡಿಸಿ ಅಲ್ಲೇ ಇಡುವುದು, ಹೆಲ್ಮೆಟ್ ಹಾಕಿಕೊಂಡೇ ಒಗ್ಗರಣೆ ಹಾಕುವುದು, ಚಪ್ಪಲಿ ಮೆಟ್ಟಿ ಬಂದು ಸೋಫಾದಲ್ಲಿ ಕೂರುವುದು, ಹೀಗೆ ಆ ಸಪ್ಪಳಗಳಿಗೆ ಅವನು ತಲೆ ಎತ್ತದಂತಾಗುವವರೆಗೆ ಮಾಡಿದೆ. ಆನಂತರ ಚಿಲಕ, ಆನಂತರ ಹೊರಗೆ ಐದು ಸೆಕೆಂಡು. ಹಳೆಯ ಮೊಬೈಲನ್ನು ಟಿವಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ವಿಡಿಯೋ ಕರೆಯಲ್ಲಿಟ್ಟು, ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಅವನು ಬೊಗಳುವವರೆಗೆ ಕಾದರೆ ಆ ದಿನದ ಅಭ್ಯಾಸ ಕೆಟ್ಟಂತೆಯೇ; ಅದಕ್ಕೂ ಮೊದಲು ತುಟಿ ನೆಕ್ಕುತ್ತಾನೆ, ನಿದ್ದೆಯಿಲ್ಲದೆ ಆಕಳಿಸುತ್ತಾನೆ, ಬಾಯಿ ಮುಚ್ಚಿ ಕಿವಿ ಬಾಗಿಲಿಗೆ ತಿರುಗಿಸಿ ನಿಂತುಬಿಡುತ್ತಾನೆ. ಆ ಲಕ್ಷಣ ಕಾಣುವ ಮುನ್ನವೇ ಒಳಗೆ ಬರಬೇಕು, ಬಂದಮೇಲೆ ಮುದ್ದಿನ ಗದ್ದಲ ಕೂಡದು. ಅವಧಿಯನ್ನು ಏಣಿಯಂತೆ ಏರಿಸುತ್ತಲೇ ಹೋಗದೆ, ನಲವತ್ತು ಸೆಕೆಂಡಿನ ನಂತರ ಹತ್ತು, ಆಮೇಲೆ ಒಂದು ನಿಮಿಷ, ಮತ್ತೆ ಇಪ್ಪತ್ತು ಸೆಕೆಂಡು ಎಂಬಂತೆ ಕಲಸಿದೆ. ಎರಡು ದಿನ ಸತತ ಚಡಪಡಿಸಿದರೆ ಅವಧಿಯನ್ನು ಅರ್ಧಕ್ಕಿಳಿಸಿದೆ. ಇಂಥ ನಾಯಿಗಳ ಗಾಬರಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಏರುವುದರಿಂದ, ಅರ್ಧ ಗಂಟೆಯವರೆಗೆ ತಲುಪಲು ಮೂರು ತಿಂಗಳ ಮೇಲೆ ಹಿಡಿದರೂ ಅಲ್ಲಿಂದ ಎರಡು ಗಂಟೆಗೆ ಬೇಗ ಏರಿದೆವು. ಅಭ್ಯಾಸಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ನಾನು ಅವನೊಂದಿಗೆ ಏನು ಮಾಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ. ಸುಳಿವು ಬೇಕಾದರೆ, ಅದು ಚೆಂಡಾಟವಂತೂ ಅಲ್ಲ.

ನಡುವೆ ಸಂಗೀತವನ್ನೂ ಪರೀಕ್ಷಿಸಿದೆ. ಸ್ಕಾಟ್ಲೆಂಡಿನ ಪ್ರಾಣಿದಯಾ ಸಂಘವೂ ಗ್ಲಾಸ್ಗೋ ವಿಶ್ವವಿದ್ಯಾಲಯವೂ ಆಶ್ರಯಧಾಮದ ನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೆಗ್ಗೆ ಮತ್ತು ಸಾಫ್ಟ್ ರಾಕ್‌ಗೆ ಒಳ್ಳೆಯ ಅಂಕ ಬಂದಿತ್ತು. ಕೆಂಚನಿಗೆ ರೆಗ್ಗೆಯೂ ಒಂದೇ, ವೀಣೆಯೂ ಒಂದೇ. ಫ್ಯಾನಿನ ಸದ್ದು ಮಾತ್ರ ಲಿಫ್ಟಿನ ಗಂಟೆಯನ್ನು ಮರೆಮಾಡಿ ಉಪಕಾರ ಮಾಡಿತು. ಕುಂಬಳಕಾಯಿ ಬೇಯಿಸಿ ರಾಗಿ ಅಂಬಲಿಯೊಂದಿಗೆ ಗಟ್ಟಿ ಮಾಡಿದ್ದು ಮೊಸರನ್ನಕ್ಕಿಂತ ಹೆಚ್ಚು ಹೊತ್ತು ಬರುತ್ತದೆ, ಆದರೆ ಅದನ್ನು ನಾನು ಮನೆಯಲ್ಲಿರುವಾಗಲೇ ಕೊಡುತ್ತೇನೆ. ಕಡಲೆಕಾಯಿ ಬೆಣ್ಣೆ ಬಳಸುವವರು ಜೈಲಿಟಾಲ್ ಎಂಬ ಸಕ್ಕರೆ ಬದಲಿ ಸಿಹಿಕಾರಕ ಇಲ್ಲದ್ದನ್ನೇ ನೋಡಿ ಕೊಳ್ಳಬೇಕು. ಅದು ನಾಯಿಗೆ ವಿಷ.

ಔಷಧಿಯ ವಿಷಯದಲ್ಲಿ ನನ್ನ ಮನೆಯವರೇ ಮುಖ ಸಿಂಡರಿಸಿದ್ದರು. ಎರಡು ನಿಮಿಷದ ಗಡಿಯನ್ನು ದಾಟಲಾಗದಿದ್ದಾಗ ಪಶುವೈದ್ಯರು ಗಾಬರಿ ತಗ್ಗಿಸುವ ಫ್ಲೂಆಕ್ಸೆಟಿನ್ ಮಾತ್ರೆ ಬರೆದುಕೊಟ್ಟರು. ಅಮೆರಿಕದಲ್ಲಿ ನಾಯಿಗಳ ಇದೇ ತೊಂದರೆಗೆ ಈ ಔಷಧಿಗೆ 2007ರಲ್ಲೇ ಅನುಮತಿ ದೊರೆತಿದೆ. ಪರಿಣಾಮ ಕಾಣಲು ತಿಂಗಳಿಗೂ ಹೆಚ್ಚು ಹಿಡಿಯಿತು, ಮೊದಲ ವಾರ ಊಟ ಕಡಿಮೆಯಾಯಿತು. ಮಾತ್ರೆಯೊಂದರಿಂದಲೇ ಕೆಲಸವಾಗದು, ಆದರೆ ಅದಿಲ್ಲದೆ ನನ್ನ ಅಭ್ಯಾಸವೂ ಹಿಡಿಯುತ್ತಿರಲಿಲ್ಲ. ಪ್ರಮಾಣವನ್ನು ವೈದ್ಯರ ಸಲಹೆಯಂತೆ ಈಗ ನಿಧಾನವಾಗಿ ತಗ್ಗಿಸುತ್ತಿದ್ದೇವೆ. ದೀಪಾವಳಿಯ ವಾರದಲ್ಲಿ ಮಾತ್ರ ಅಭ್ಯಾಸವನ್ನೂ ಒಂಟಿಯಾಗಿ ಬಿಡುವುದನ್ನೂ ಸಂಪೂರ್ಣ ನಿಲ್ಲಿಸಿ, ಪಟಾಕಿ ನಿಂತ ಮೇಲೆ ಹತ್ತು ನಿಮಿಷದಿಂದ ಮತ್ತೆ ಆರಂಭಿಸುತ್ತೇವೆ.