ಕಾಲೇಜಿಗೆ ಹೊರಟ ಮಕ್ಕಳು, ಬೆಂಚಿನ ಮೇಲೆ ಕೂತ ಅಪ್ಪ ಅಮ್ಮ

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಕಮ್ಯುನಿಟಿ ಕಾಲೇಜಿನ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷದ ಓದು ನಡೆಯುವ ಸರ್ಕಾರಿ ಕಾಲೇಜಿನ, ಕೌನ್ಸೆಲರ್. ಯಾವ ಕೋರ್ಸ್ ತಗೊಳ್ಳಬೇಕು, ಎರಡು ವರ್ಷ ಆದಮೇಲೆ ಯಾವ ಯೂನಿವರ್ಸಿಟಿಗೆ ಹೋಗಬಹುದು ಎಂದು ವಿದ್ಯಾರ್ಥಿಗಳ ಜೊತೆ ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಅಪ್ಪ ಅಮ್ಮಂದಿರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆದರೂ ಪ್ರತಿ ಬೇಸಿಗೆಯಲ್ಲಿ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವರು ಕೂತಿರುತ್ತಿದ್ದರು. ಮಗನ ಫೈಲು ತೊಡೆ ಮೇಲೆ, ಕಣ್ಣು ನನ್ನ ಬಾಗಿಲ ಮೇಲೆ. ಇವರಿಗೂ ಏನಾದರೂ ಕೆಲಸ ಕೊಡಬೇಕು ಅನ್ನಿಸಿ, ಹೊಸ ವಿದ್ಯಾರ್ಥಿಗಳ ಹೆತ್ತವರಿಗೆ ಸಂಜೆ ಹೊತ್ತು ಒಂದು ಸಭೆ ಶುರುಮಾಡಿದೆ. ಮಕ್ಕಳು ಪಕ್ಕದ ಲ್ಯಾಬಿನಲ್ಲಿ ತಮ್ಮ ರಿಜಿಸ್ಟ್ರೇಷನ್ ತಾವೇ ಮಾಡಿಕೊಳ್ಳುತ್ತಾರೆ. ಹೆತ್ತವರು ನನ್ನ ಜೊತೆ.

ಬರುವವರಲ್ಲಿ ಕನ್ನಡದವರು ಬೆರಳೆಣಿಕೆ. ಸ್ಪ್ಯಾನಿಷ್, ವಿಯೆಟ್ನಾಮೀಸ್ ಮಾತಾಡುವವರೇ ಜಾಸ್ತಿ. ಅವರಲ್ಲಿ ಎಷ್ಟೋ ಜನ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮಗಳು ಹತ್ತಿದಳಲ್ಲ ಎಂದು ಹೊಸ ಬಟ್ಟೆ ಹಾಕಿಕೊಂಡು ಬರುತ್ತಾರೆ. ನಮ್ಮವರ ಮುಖ ಬೇರೆ. ಗಂಡ ಹೆಂಡತಿ ಇಬ್ಬರೂ ಎಂಜಿನಿಯರು, ಮನೆಯಲ್ಲಿ ಎರಡು ವರ್ಷದಿಂದ ಬರ್ಕ್ಲಿ ಯೂನಿವರ್ಸಿಟಿಯ ಜಪ. ಈಗ ಮಗ ಇಲ್ಲಿ. "ಯುಗಾದಿ ಊಟದಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳೋದು ಮೇಡಂ?" ಎಂದು ಒಬ್ಬ ತಾಯಿ ದನಿ ತಗ್ಗಿಸಿ ಕೇಳಿದ್ದರು. ನಾನು ಕನ್ನಡದಲ್ಲಿ ಮಾತಾಡುವುದೇ ಅವರಿಗೆ ಒಂಥರಾ ಸಂಕೋಚ. ಸುದ್ದಿ ಊರಿಗೆ ಮುಟ್ಟೀತು ಅಂತ!

ಇಂಥವರಿಗೆ ಸಮಾಧಾನಕ್ಕಿಂತ ಅಂಕಿಗಳು ಕೆಲಸ ಮಾಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ಕೋರ್ಸಿನ ಭಾರ ಅಳೆಯುವ ಲೆಕ್ಕ ಇದು) 46 ಡಾಲರ್. ವರ್ಷಕ್ಕೆ 30 ಯೂನಿಟ್ ತಗೊಂಡರೆ 1,380 ಡಾಲರ್, ಮೇಲೊಂದಿಷ್ಟು ಚಿಲ್ಲರೆ ಶುಲ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಎಲ್ಲರ ಬಾಯಲ್ಲಿರುವ ಯುಸಿ, ವರ್ಷಕ್ಕೆ 14,000 ಡಾಲರಿಗೂ ಮೇಲೆ. ಊಟ, ವಸತಿ ಬೇರೆ. ಇಲ್ಲಿ 60 ಯೂನಿಟ್ ಮುಗಿಸಿ ಅಲ್ಲಿಗೆ ಟ್ರಾನ್ಸ್‌ಫರ್ ಆದರೆ ಸಿಗುವುದು ಅದೇ ಡಿಗ್ರಿ. ಮೊದಲ ಎರಡು ವರ್ಷ ಎಲ್ಲಿ ಓದಿದ್ದೆಂದು ಸರ್ಟಿಫಿಕೇಟಿನಲ್ಲಿ ಬರೆದಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಜಗಳದ ವಿಷಯಕ್ಕೆ ಬರುತ್ತೇನೆ. ಮಾರ್ಕ್ಸು.

ಫೆರ್ಪಾ ಎಂಬ ಕಾನೂನು 1974ರದು. ಕಾಲೇಜು ಸೇರಿದ ಕೂಡಲೇ ದಾಖಲೆಗಳ ಹಕ್ಕು ವಿದ್ಯಾರ್ಥಿಗೆ ಹೋಗುತ್ತದೆ, ವಯಸ್ಸು ಹದಿನೇಳೇ ಇದ್ದರೂ. ಅಪ್ಪ ಫೋನ್ ಮಾಡಿ ಕೇಳಿದರೆ ನಮ್ಮ ಕಚೇರಿ ಏನನ್ನೂ ಹೇಳುವುದಿಲ್ಲ. ವಿದ್ಯಾರ್ಥಿ ಲಿಖಿತ ಒಪ್ಪಿಗೆ ಕೊಟ್ಟರೆ ಮಾತು ಬೇರೆ. "ಫೀಸ್ ಕಟ್ಟೋದು ನಾನು, ಮಾರ್ಕ್ಸ್ ನೋಡೋಕೆ ನಂಗೆ ಹಕ್ಕಿಲ್ವಾ?" ಈ ಮಾತು ಪ್ರತಿ ಸಲವೂ ಬರುತ್ತದೆ, ಭಾಷೆ ಮಾತ್ರ ಬೇರೆ ಬೇರೆ. ಹಕ್ಕಿಲ್ಲ ಸಾರ್ ಎಂದು ನೇರವಾಗಿಯೇ ಹೇಳುತ್ತೇನೆ. ಮಗಳನ್ನೇ ಕೇಳಿ, ಅವಳೇ ಪರದೆ ತೆರೆದು ತೋರಿಸಲಿ. ಆದರೆ ಪಾಸ್‌ವರ್ಡ್ ಇಸ್ಕೊಂಡು ಒಳಗೆ ಹೋಗಬೇಡಿ. ಹಾಗೆ ಹೋದವರು ನೋಡಿ ಸುಮ್ಮನಿರುವುದಿಲ್ಲ, ಮೇಷ್ಟರಿಗೆ ಮಗಳ ಹೆಸರಲ್ಲಿ ಇಮೇಲ್ ಬರೆಯುತ್ತಾರೆ. ನಮಗೆ ಗೊತ್ತಾಗುತ್ತದೆ. ಇಲ್ಲಿ ಬೆಳೆದ ಹದಿನೆಂಟರ ಹುಡುಗಿ ಯಾವತ್ತೂ "ಕೈಂಡ್ಲಿ ಡು ದ ನೀಡ್‌ಫುಲ್" ಎಂದು ಬರೆಯುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು ಎಂದು ಕೇಳುತ್ತಾರೆ. ಆಗ ಒಬ್ಬೊಬ್ಬರಿಗೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಏಳು ದಿನ, ದಿನಕ್ಕೆ ಇಪ್ಪತ್ತನಾಲ್ಕು ಚೌಕ. ಜೊತೆಗೆ ಒಂದು ಪೆನ್ಸಿಲ್.

ನನ್ನ ಪ್ರಕಾರ ಇಡೀ ಸಂಜೆಯ ತಿರುಳು ಈ ಹಾಳೆ. ಯೂನಿವರ್ಸಿಟಿಗೆ ಹೋದ ಮಗು ಹಾಸ್ಟೆಲಿನಲ್ಲಿರುತ್ತದೆ. ಅದರ ಸಮಯಕ್ಕೆ ಮನೆಯವರು ಕೈಹಾಕಲು ಆಗುವುದಿಲ್ಲ. ಕಮ್ಯುನಿಟಿ ಕಾಲೇಜಿನ ಮಗು ಮನೆಯಲ್ಲೇ ಇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರೆ ಮನೆಯವರ ಕಣ್ಣಿಗೆ ಅದು ಬಿಡುವು. ಇದೊಂದು ತಪ್ಪು ತಿಳಿವಳಿಕೆಯಿಂದ ಕೆಟ್ಟ ಮೊದಲ ಸೆಮಿಸ್ಟರ್‌ಗಳನ್ನು ನಾನು ಬಹಳ ನೋಡಿದ್ದೇನೆ. ಬುದ್ಧಿ ಸಾಲದೆ ಕೆಟ್ಟದ್ದು ಕಡಿಮೆ.

ಲೆಕ್ಕ ಹೀಗೆ. ಒಂದು ಯೂನಿಟ್ ಅಂದರೆ ವಾರಕ್ಕೆ ಸುಮಾರು ಮೂರು ಗಂಟೆ: ಒಂದು ಗಂಟೆ ಕ್ಲಾಸು, ಎರಡು ಗಂಟೆ ಓದು. 15 ಯೂನಿಟ್ ತಗೊಂಡರೆ 45 ಗಂಟೆ. ಮೊದಲು ಅದನ್ನು ತುಂಬಿ ಅನ್ನುತ್ತೇನೆ. ಆಮೇಲೆ ನಿದ್ದೆ. ಆಮೇಲೆ ಪಾರ್ಟ್‌ಟೈಮ್ ಕೆಲಸ, ಬಸ್ಸಿನ ಹೊತ್ತು. ಕೊನೆಗೆ ಮನೆಯಲ್ಲಿ ನೀವು ಅವರಿಗೆ ಹಚ್ಚಿರುವ ಕೆಲಸ.

ಒಮ್ಮೆ ಹಾಸನದ ಕಡೆಯ ಒಬ್ಬ ತಂದೆ ಬಂದಿದ್ದರು. ಕೋಡ್ ಬರೆಯುವವರು, ಲೆಕ್ಕ ಬಲು ಚೊಕ್ಕ. ಮಗಳ ಕ್ಲಾಸು, ಓದು, ನಿದ್ದೆ ಸರಸರ ತುಂಬಿದರು. ಬೋಬಾ ಚಹಾದ ಅಂಗಡಿ ಕೆಲಸ 20 ಗಂಟೆ. ಕಾಲೇಜಿಗೆ ಹೋಗಿ ಬರುವುದು ದಿನಕ್ಕೆ ಒಂದೂವರೆ ಗಂಟೆ. ಅಲ್ಲಿಂದ ಪೆನ್ಸಿಲ್ ನಿಧಾನವಾಯಿತು. ತಮ್ಮನನ್ನು ಸ್ಕೂಲಿಂದ ಕರ್ಕೊಂಡು ಬರೋದು. ಅಜ್ಜಿಯನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದು. ಸಂಗೀತ ಕ್ಲಾಸು. ಶನಿವಾರ ದೇವಸ್ಥಾನ, ಅಲ್ಲಿಂದ ಯಾರದೋ ಮನೆ ಊಟ. ತಮ್ಮನ ಪಿಕಪ್ಪು ಕೆಮಿಸ್ಟ್ರಿ ಲ್ಯಾಬಿನ ಚೌಕದ ಮೇಲೇ ಬಂದು ಕೂತಿತು. ಅವರು ಅದನ್ನು ಅಳಿಸಿದರು, ಬೇರೆ ಚೌಕ ಹುಡುಕಿದರು, ಸಿಗಲಿಲ್ಲ. ಹೆಂಡತಿ ಕಡೆ ಹಾಳೆ ತಿರುಗಿಸಿ, "ಇವಳು ಮನೇಲೇ ಇರ್ತಾಳಲ್ಲ ಅಂತ ಎಲ್ಲ ಇವಳಿಗೇ ಹಚ್ಚಿದ್ವಿ ಕಣೇ" ಅಂದರು. ಪಿಕಪ್ ಯಾರು ಮಾಡಬೇಕು ಎಂಬ ಚರ್ಚೆ ಗಂಡ ಹೆಂಡತಿ ನಡುವೆ ಅಲ್ಲೇ ಶುರುವಾಯಿತು. ನಾನು ಮುಂದಿನ ಮೇಜಿಗೆ ಹೋದೆ.

ಕೆಲಸ ಬಿಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಮುಂದಿನ ಮೇಜಿನಲ್ಲಿದ್ದ ತಾಯಿಗೆ ಮಗನ ದುಡಿಮೆ ಇಲ್ಲದೆ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ. ಅಂಥಲ್ಲಿ ಯೂನಿಟ್ ಇಳಿಸುವುದೇ ಸರಿ. ಎರಡು ವರ್ಷದ್ದು ಮೂರು ವರ್ಷ ಆಗುತ್ತದೆ, ಅಷ್ಟೇ ತಾನೇ. ಆದರೆ 12 ಯೂನಿಟ್‌ಗಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳುವುದಿಲ್ಲ, ಧನಸಹಾಯದ ಮೊತ್ತ ಬದಲಾಗುತ್ತದೆ. ಇಳಿಸುವ ಮುಂಚೆ ಹಣಕಾಸಿನ ನೆರವಿನ ಕಚೇರಿಗೆ ಒಂದು ಮಾತು ಕೇಳಬೇಕು.

ದುಡ್ಡಿನ ವಿಷಯದಲ್ಲಿ ಹೆತ್ತವರಿಲ್ಲದೆ ಆಗುವುದೇ ಇಲ್ಲ. ಕೇಂದ್ರದ ಧನಸಹಾಯಕ್ಕೆ ಹಾಕುವ ಫಾಫ್ಸಾ ಎಂಬ ಅರ್ಜಿಯಲ್ಲಿ ಅಪ್ಪ ಅಥವಾ ಅಮ್ಮ ತಮ್ಮದೇ ಖಾತೆ ತೆರೆದು, ತೆರಿಗೆ ವಿವರ ಪಡೆಯಲು ಒಪ್ಪಿಗೆ ಕೊಟ್ಟು, ಸಹಿ ಹಾಕಬೇಕು. ಮಗು ತನ್ನ ಭಾಗ ಮುಗಿಸಿ ತಿಂಗಳಾದರೂ ಅಪ್ಪನ ಸಹಿಗೆ ಕಾಯುತ್ತಾ ನಿಂತ ಅರ್ಜಿಗಳು ಬೇಕಾದಷ್ಟು. "ನಮ್ಮ ಸಂಬಳಕ್ಕೆ ಏನೂ ಸಿಗಲ್ಲ ಬಿಡಿ" ಅನ್ನುವವರು ನಮ್ಮವರೇ. ಮೊದಲ ಸಲ ಕಾಲೇಜು ಸೇರಿ ಪೂರ್ಣಾವಧಿ ಓದುವವರಿಗೆ ಎರಡು ವರ್ಷದ ಬೋಧನಾ ಶುಲ್ಕ ಮನ್ನಾ ಮಾಡುವ ಯೋಜನೆ ಅನೇಕ ಕಾಲೇಜುಗಳಲ್ಲಿದೆ. ಅದಕ್ಕೂ ಸಾಮಾನ್ಯವಾಗಿ ಈ ಅರ್ಜಿಯೇ ಬಾಗಿಲು. ಕಮ್ಯುನಿಟಿ ಕಾಲೇಜಿನವರಿಗೆ ರಾಜ್ಯದ ಧನಸಹಾಯವಾದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ ಗಡುವು ತಪ್ಪಿದರೆ ಸೆಪ್ಟೆಂಬರ್ 2ರವರೆಗೆ ಇನ್ನೊಂದು ಅವಕಾಶವೂ ಇದೆ.

ಎಚ್-4 ವೀಸಾದ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಬಂದ, ಮಕ್ಕಳಿಗೆ ಕೇಂದ್ರದ ಧನಸಹಾಯ ಇಲ್ಲ. ಅವರಿಗೆ ಇಪ್ಪತ್ತೊಂದು ತುಂಬುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕಾಗುತ್ತದೆ, ಫೀಸು ಹಲವು ಪಟ್ಟು ಏರಬಹುದು. ಇದನ್ನು ವಕೀಲರ ಹತ್ತಿರ ಹತ್ತೊಂಬತ್ತರಲ್ಲೇ ಮಾತಾಡಿ. ಮಗುವಿಗೂ ಗೊತ್ತಿರಲಿ. ಎಷ್ಟೋ ಮನೆಗಳಲ್ಲಿ ಇದನ್ನು ಮಕ್ಕಳಿಂದ ಬಚ್ಚಿಡುತ್ತಾರೆ.

ಹೈಸ್ಕೂಲಿನಲ್ಲಿ ಐಇಪಿ (ವಿಶೇಷ ನೆರವು ಬೇಕಾದ ಮಗುವಿಗೆ ಶಾಲೆ ಬರೆದುಕೊಡುವ ಕಲಿಕಾ ಯೋಜನೆ) ಇದ್ದ ಮಕ್ಕಳ ಹೆತ್ತವರನ್ನು ಕೊನೆಗೆ ಪ್ರತ್ಯೇಕವಾಗಿ ಕೂರಿಸಿಕೊಳ್ಳುತ್ತೇನೆ. ಆ ಕಾಗದ ಕಾಲೇಜಿನಲ್ಲಿ ತಾನಾಗಿ ಮುಂದುವರಿಯುವುದಿಲ್ಲ. ಪರೀಕ್ಷೆಗೆ ಹೆಚ್ಚು ಸಮಯ ಬೇಕಿದ್ದರೆ ವಿದ್ಯಾರ್ಥಿಯೇ ಡಿಎಸ್‌ಪಿಎಸ್ ಎಂಬ, ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ನೆರವಾಗುವ ಕಚೇರಿಗೆ ಹೋಗಿ ಕೇಳಬೇಕು. ಹನ್ನೆರಡು ವರ್ಷ ಮಗನ ಪರವಾಗಿ ಹೋರಾಡಿದ ಅಮ್ಮನಿಗೆ ಇದು ಕಷ್ಟದ ಮಾತು. ಬೇಸಿಗೆಯಲ್ಲೇ ಮನೆಯಲ್ಲಿ ಆ ಸಂಭಾಷಣೆ ಅಭ್ಯಾಸ ಮಾಡಿಸಿ ಅನ್ನುತ್ತೇನೆ. ಅಮ್ಮ ಕಚೇರಿಯವಳು, ಮಗ ಮಗನೇ.

ಎಂಜಿನಿಯರ್ ಅಪ್ಪಂದಿರಿಗೆ ಇಷ್ಟವಾಗುವುದು ಅಸಿಸ್ಟ್ ಎಂಬ ವೆಬ್‌ಸೈಟು. ನಮ್ಮ ಕಾಲೇಜಿನ ಯಾವ ಕೋರ್ಸು ಯುಸಿ ಡೇವಿಸ್‌ನ ಯಾವ ಕೋರ್ಸಿಗೆ ಸಮ ಎಂದು ಅಲ್ಲಿ ಎರಡು ಕಾಲಮ್ಮಿನಲ್ಲಿದೆ. ನೋಡಿ ತಿಳ್ಕೊಳ್ಳಿ, ಆದರೆ ಮಗನಿಗೆ ಎಕ್ಸೆಲ್ ಶೀಟ್ ಮಾಡಿಕೊಡಬೇಡಿ. ಆರು ಯುಸಿ ಕ್ಯಾಂಪಸ್‌ಗಳು ಟ್ಯಾಗ್ ಎಂಬ ಪ್ರವೇಶದ ಖಾತ್ರಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಕೊಡುವ ಕಡೆಯೂ ಎಲ್ಲ ವಿಷಯಗಳಿಗೆ ಇಲ್ಲ, ಕಂಪ್ಯೂಟರ್ ಸೈನ್ಸ್ ಕನಸಿನವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಟ್ಯಾಗ್ ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ.

ಸಭೆ ಮುಗಿಯುವ ಹೊತ್ತಿಗೆ ಲ್ಯಾಬಿನಿಂದ ಮಕ್ಕಳು ಬರುತ್ತಾರೆ. ಹಾಳೆಯನ್ನು ಅವರ ಕೈಗೆ ಕೊಡಿಸಿ, ತಪ್ಪಿದ್ದರೆ ತಿದ್ದಲು ಹೇಳುತ್ತೇನೆ. ಬಹುತೇಕ ಎಲ್ಲರೂ ಮೊದಲು ಮುಟ್ಟುವುದು ನಿದ್ದೆಯ ಚೌಕ. ಅಪ್ಪ ರಾತ್ರಿ ಹತ್ತಕ್ಕೆ ಹಾಕಿದ್ದನ್ನು ಮಗ ಒಂದೂವರೆಗೆ ಎಳೆಯುತ್ತಾನೆ. ಫ್ರಿಜ್ಜಿನ ಮೇಲೆ ಅಂಟಿಸಿ, ಮೂರನೇ ವಾರ ಒಟ್ಟಿಗೆ ಕೂತು ಇನ್ನೊಮ್ಮೆ ನೋಡಿ ಅನ್ನುತ್ತೇನೆ. ದಾಖಲೆಯಲ್ಲಿ ಡಬ್ಲ್ಯೂ (ಕೋರ್ಸ್ ನಡುವೆ ಬಿಟ್ಟ ಗುರುತು) ಬೀಳದಂತೆ ಕೋರ್ಸ್ ಬಿಡುವ ಕೊನೆಯ ದಿನ ಅಷ್ಟರಲ್ಲಿ ದಾಟಿರಬಹುದು. ಆ ದಿನಾಂಕವನ್ನು ಕಾಲೇಜಿನ ಕ್ಯಾಲೆಂಡರ್ ನೋಡಿ, ಅದೇ ಹಾಳೆಯ ತಲೆಯ ಮೇಲೆ ಮಗನ ಕೈಯಲ್ಲೇ ಬರೆಸುತ್ತೇನೆ.