ಡಿಕಾಕ್ಷನ್‌ಗೆ ತಕ್ಕ ಪುಡಿ: ಮನೆಗೊಂದು ಕಾಫಿ ಗ್ರೈಂಡರ್ ಆರಿಸುವ ಬಗೆ

ನಮ್ಮ ಕಡೆ ಅಂಗಡಿಗೆ ಹೋಗಿ ಗ್ರೈಂಡರ್ ಬೇಕು ಎಂದರೆ ದೋಸೆ ಹಿಟ್ಟು ರುಬ್ಬುವ ಯಂತ್ರವನ್ನು ತೋರಿಸುತ್ತಾರೆ. ಅದಲ್ಲ, ಕಾಫಿ ಬೀಜ ಪುಡಿ ಮಾಡುವುದಕ್ಕೆ ಎಂದು ಬಿಡಿಸಿ ಹೇಳಿದರೆ ಮಿಕ್ಸಿಯ ಚಟ್ನಿ ಜಾರನ್ನು ಮುಂದಿಡುತ್ತಾರೆ. ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರ್‌ನಲ್ಲಾಗಲಿ, ಶಂಕುವಿನಾಕಾರದ ಬಟ್ಟಲಿಗೆ ಸೋಸುವ ಕಾಗದ ಹಾಕಿಯಾಗಲಿ, ಕಾಫಿಯನ್ನು ಹನಿಹನಿಯಾಗಿ ಇಳಿಸಿ ಕುಡಿಯುವವರಿಗೆ ಈ ಎರಡೂ ಒದಗುವುದಿಲ್ಲ. ಕೇಳಬೇಕಾದ ವಸ್ತುವಿನ ಹೆಸರು ಬರ್ ಗ್ರೈಂಡರ್. ಹೆಸರು ಹೊಸದಾದರೂ ಕೆಲಸ ಹಳೆಯದು: ಅದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಬೀಸುವ ಕಲ್ಲು.

ಕೊಳ್ಳುವ ಮೊದಲು, ನಿಮಗೆ ಇದು ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಪಾಲು ತೂಕದಲ್ಲಿ ಶೇ 51ಕ್ಕಿಂತ ಕಡಿಮೆ ಇರಬಾರದು ಎಂಬುದು ನಮ್ಮ ದೇಶದ ನಿಯಮ. ಅಂದರೆ ಹೆಚ್ಚುಕಡಿಮೆ ಅರ್ಧ ಚಿಕೋರಿಯೇ ಇದ್ದರೂ ಅದು ಕಾನೂನಿಗೆ ಒಪ್ಪಿತ. ಅಂಥ ಪುಡಿಯ ಡಿಕಾಕ್ಷನ್‌ಗೆ ಹಾಲು ಸಕ್ಕರೆ ಧಾರಾಳವಾಗಿ ಬೆರೆಸಿ ಕುಡಿಯುವುದೇ ನಿಮಗೆ ಪ್ರಿಯವಾದರೆ, ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಗ್ರೈಂಡರ್‌ಗೆ ಕೊಟ್ಟ ದುಡ್ಡು ಲೋಟದಲ್ಲಿ ಕಾಣಿಸುವುದಿಲ್ಲ. ಬೀದಿಯ ತುದಿಯ ಕಾಫಿಪುಡಿ ಅಂಗಡಿಯಲ್ಲಿ ವಾರಕ್ಕೆ 100 ಗ್ರಾಂನಂತೆ ಆಗಷ್ಟೇ ಬೀಸಿದ ಪುಡಿ ತಂದುಕೊಂಡರೆ ಸಾಕು. ಚಿಕೋರಿ ಇಲ್ಲದ ಕಾಫಿಯನ್ನೋ, ಶೇ 10–15ರಷ್ಟೇ ಚಿಕೋರಿ ಇರುವುದನ್ನೋ ಕುಡಿಯುವವರು, ಅದರಲ್ಲೂ ಹಾಲಿಲ್ಲದೆ ಕುಡಿಯುವವರು ಮುಂದೆ ಓದಬಹುದು.

ಮಿಕ್ಸಿ ಏಕೆ ಬೇಡ? ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತ ಸಿಕ್ಕಿದ ಬೀಜವನ್ನು ಸಿಕ್ಕಿದಂತೆ ಕತ್ತರಿಸುತ್ತದೆ. ಬ್ಲೇಡಿನ ಬಳಿ ಇದ್ದದ್ದು ಹಿಟ್ಟಾಗಿರುತ್ತದೆ, ಅಂಚಿಗೆ ಹಾರಿದ್ದು ಅರ್ಧ ಬೀಜವಾಗಿಯೇ ಉಳಿದಿರುತ್ತದೆ, ಜೊತೆಗೆ ಜಾರು ಬಿಸಿಯೇರುತ್ತದೆ. ಬಿಸಿನೀರು ಹುಯ್ದಾಗ ಹಿಟ್ಟಿನಿಂದ ಸಾರವೆಲ್ಲ ತಟ್ಟನೆ ಇಳಿದು ಕಹಿಯವರೆಗೂ ಹೋಗುತ್ತದೆ, ದಪ್ಪ ತರಿಯಿಂದ ಹುಳಿಯಷ್ಟೇ ಬಂದು ಸಿಹಿಯೂ ಗಂಧವೂ ಒಳಗೇ ಉಳಿಯುತ್ತವೆ. ಒಂದೇ ಲೋಟದಲ್ಲಿ ಹುಳಿ ಕಹಿ ಎರಡೂ ಇದ್ದು ಕಾಫಿ ಮಾತ್ರ ತೆಳ್ಳಗಿರುವುದು ಇದರಿಂದಲೇ. ಮೇಲಾಗಿ ಆ ಹಿಟ್ಟು ನೀರಿನೊಡನೆ ತಳಕ್ಕಿಳಿದು ಫಿಲ್ಟರ್‌ನ ತೂತುಗಳನ್ನೋ ಕಾಗದವನ್ನೋ ಕಟ್ಟಿಹಾಕುತ್ತದೆ. ಬರ್ ಗ್ರೈಂಡರ್‌ನಲ್ಲಿ ಹಾಗಾಗುವುದು ಕಡಿಮೆ, ಏಕೆಂದರೆ ಬರ್ ಎನ್ನುವ ಎರಡು ಹಲ್ಲುಚಕ್ರಗಳ ನಡುವಿನ ಸಂದಿನಷ್ಟು ಸಣ್ಣದಾಗುವವರೆಗೆ ಚೂರು ಕೆಳಗಿಳಿಯುವುದಿಲ್ಲ, ಸಣ್ಣದಾದ ಮೇಲೆ ಅಲ್ಲಿ ನಿಲ್ಲುವುದಿಲ್ಲ. ರಾಗಿಗೆ ಕಲ್ಲು ಬಿಗಿ ಮಾಡಿ, ಅಕ್ಕಿತರಿಗೆ ಸಡಿಲ ಬಿಡುವ ಹಿಟ್ಟಿನ ಗಿರಣಿಯವರು ಮಾಡುವುದೂ ಇದನ್ನೇ.

ಎಷ್ಟು ನುಣುಪು ಬೇಕು ಎಂಬುದಕ್ಕೆ ಪುಸ್ತಕಗಳು ಮೈಕ್ರಾನ್ ಲೆಕ್ಕ ಕೊಡುತ್ತವೆ. ಅಡುಗೆಮನೆಯಲ್ಲಿ ಅದಕ್ಕಿಂತ ರವೆಯ ಡಬ್ಬಗಳೇ ಉತ್ತಮ ಅಳತೆಗೋಲು. ನಮ್ಮ ಫಿಲ್ಟರ್‌ಗೆ ಚಿರೋಟಿ ರವೆಯಷ್ಟು ನುಣುಪು ಸರಿ. ಕಾಗದ ಹಾಕಿ ಇಳಿಸುವ ಕಾಫಿಗೂ ವಿದ್ಯುತ್ ಡ್ರಿಪ್ ಯಂತ್ರಕ್ಕೂ ಉಪ್ಪಿಟ್ಟಿನ ಮಾಮೂಲಿ ರವೆ. ಅದಕ್ಕೂ ದಪ್ಪಗಿನ ಬನ್ಸಿ ರವೆಯ ಅಳತೆ, ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯಿಂದ ಒತ್ತುವ ಫ್ರೆಂಚ್ ಪ್ರೆಸ್‌ನವರದು, ಅದು ನಮಗಿಲ್ಲಿ ಬೇಡ. ಚಿಟಿಕೆ ರವೆಯನ್ನೂ ಚಿಟಿಕೆ ಪುಡಿಯನ್ನೂ ಎರಡು ಕೈಯ ಬೆರಳುಗಳಲ್ಲಿ ಏಕಕಾಲಕ್ಕೆ ಉಜ್ಜಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ವಿದೇಶದಲ್ಲಿರುವ ನಮ್ಮವರು ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಡ್ರಿಪ್‌ಗೆಂದು ಬೀಸಿಟ್ಟ ಪುಡಿಯನ್ನು ಊರಿನಿಂದ ಒಯ್ದ ಫಿಲ್ಟರ್‌ಗೆ ಹಾಕಿ, ಡಿಕಾಕ್ಷನ್ ಐದೇ ನಿಮಿಷದಲ್ಲಿ ತೊಳೆದ ನೀರಿನಂತೆ ಇಳಿಯಿತೆಂದು ಕೊರಗುವುದಕ್ಕೆ ಕಾರಣ ಈ ಒಂದು ಮೆಟ್ಟಿಲ ವ್ಯತ್ಯಾಸವೇ ಹೊರತು ಫಿಲ್ಟರ್ ಕೆಟ್ಟದ್ದೆಂದಲ್ಲ.

ಇನ್ನು ದುಡ್ಡಿನ ಮಾತು. ನನ್ನ ಅಭಿಪ್ರಾಯ ಸರಳವಾಗಿದೆ: ಕೈಯಲ್ಲಿರುವ ಹಣವನ್ನು ಹಲ್ಲುಚಕ್ರಕ್ಕೆ ಹಾಕಬೇಕು, ಮೋಟಾರಿಗಲ್ಲ. ಐದಾರು ಸಾವಿರ ರೂಪಾಯಿ ಕೊಟ್ಟರೆ ಸ್ಟೀಲ್ ಬರ್ ಇರುವ ಒಳ್ಳೆಯ ಕೈ ಗ್ರೈಂಡರ್ ಸಿಗುತ್ತದೆ. ಅದೇ ದುಡ್ಡಿಗೆ ಸಿಗುವ ವಿದ್ಯುತ್ ಗ್ರೈಂಡರ್‌ನಲ್ಲಿ ಮೋಟಾರು, ವೈರು, ಪ್ಲಾಸ್ಟಿಕ್ ಡಬ್ಬಗಳ ಖರ್ಚು ಕಳೆದು ಬರ್‌ಗೆ ಉಳಿಯುವುದು ಅಲ್ಪ. ಇದಕ್ಕಿಂತ ಅಗ್ಗವಾಗಿ, ಎರಡು ಸಾವಿರದ ಆಸುಪಾಸಿನಲ್ಲಿ, ಸೆರಾಮಿಕ್ ಬರ್ ಇರುವ ಕೈ ಗ್ರೈಂಡರ್‌ಗಳೂ ಬರುತ್ತವೆ. ಸೆರಾಮಿಕ್ ತುಕ್ಕು ಹಿಡಿಯುವುದಿಲ್ಲ ಎನ್ನುವುದು ನಿಜ, ಆದರೆ ಯಂತ್ರದಲ್ಲಿ ಕೊರೆದ ಸ್ಟೀಲಿನ ಹಲ್ಲಿನಷ್ಟು ಅದರ ಹಲ್ಲು ಹರಿತವಿರುವುದಿಲ್ಲವಾಗಿ ಅದು ಬೀಜವನ್ನು ಕತ್ತರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು. 20 ಗ್ರಾಂ ಬೀಜಕ್ಕೆ ಸ್ಟೀಲ್ ಬರ್‌ನಲ್ಲಿ ಒಂದು ನಿಮಿಷದಷ್ಟು ಹಿಡಿದರೆ ಸಣ್ಣ ಸೆರಾಮಿಕ್ ಗ್ರೈಂಡರ್‌ನಲ್ಲಿ ಮೂರು ನಿಮಿಷವೂ ಆಗಬಹುದು, ಮತ್ತು ಬೆಳಗಿನ ಆರು ಗಂಟೆಗೆ ಮೂರು ನಿಮಿಷವೆಂಬುದು ಬಹಳ ದೀರ್ಘ ಕಾಲ. ಒಬ್ಬರೇ, ದಿನಕ್ಕೊಂದು ಲೋಟ ಕುಡಿಯುವವರಾದರೆ ಅಡ್ಡಿಯಿಲ್ಲ.

ಕೈ ಗ್ರೈಂಡರ್‌ನ ಮಿತಿ ಅದರ ಹೊಟ್ಟೆ. ಹೆಸರಾದ ಟೈಮ್‌ಮೋರ್ ಸಿ2 ಮಾದರಿಯಲ್ಲಿ 38 ಮಿ.ಮೀ. ಸ್ಟೀಲ್ ಬರ್ ಇದ್ದರೂ ಒಮ್ಮೆಗೆ ಹಿಡಿಸುವುದು 20–25 ಗ್ರಾಂ ಬೀಜ. ಈ ದರ್ಜೆಯ ಇತರವುಗಳೂ ಸುಮಾರು ಅಷ್ಟೇ. ಕಾಗದದಲ್ಲಿ ಇಳಿಸುವ ಕಾಫಿಗೆ 250 ಮಿ.ಲೀ. ನೀರಿಗೆ 15 ಗ್ರಾಂ ಸಾಕಾಗುವುದರಿಂದ ಇಬ್ಬರಿಗೆ ತೊಂದರೆಯಿಲ್ಲ. ನಾಲ್ಕು ಜನರ ಮನೆಯಲ್ಲಿ ಫಿಲ್ಟರ್‌ಗೆ 40 ಗ್ರಾಂನಷ್ಟು ಪುಡಿ ಬೇಕು, ಅಂದರೆ ಎರಡು ಸಲ ತುಂಬಿ ಎರಡು ಸಲ ತಿರುಗಿಸಬೇಕು, ಅದೂ ಕಾಗದದ ಕಾಫಿಗಿಂತ ನುಣ್ಣಗೆ. ನಮ್ಮಲ್ಲಿ ಫಿಲ್ಟರ್ ಕಾಫಿಗೆ ಬೀಜವನ್ನು ಸಾಕಷ್ಟು ಕಪ್ಪಗೆ ಹುರಿಯುವುದು ವಾಡಿಕೆಯಾದ್ದರಿಂದ ಅದು ಗರಿಗರಿಯಾಗಿ ಸುಲಭವಾಗಿ ಒಡೆಯುತ್ತದೆ; ಈಚೆಗೆ ಚಿಕ್ಕಮಗಳೂರು, ಕೊಡಗಿನ ಒಂದೊಂದೇ ತೋಟದ ಹೆಸರಿನಲ್ಲಿ ಮಾರುವ ಎಳೆ ಹುರಿತದ ಬೀಜ ಮಾತ್ರ ಗಡುಸು, ರಟ್ಟೆಗೆ ಕೆಲಸ ಕೊಡುತ್ತದೆ. ಮನೆಯಲ್ಲಿ ಕಾಫಿ ಮಾಡುವವರು ಕೀಲುನೋವಿರುವ ಹಿರಿಯರಾದರೆ ಕೈ ಗ್ರೈಂಡರ್‌ನ ಆಸೆಯನ್ನು ಬಿಟ್ಟುಬಿಡಿ.

ವಿದ್ಯುತ್ ಗ್ರೈಂಡರ್ ಕೊಳ್ಳುವಾಗ ಬರ್ ಎಂಬ ಪದವನ್ನಷ್ಟೇ ನಂಬಬಾರದು. ಮೂರು ನಾಲ್ಕು ಸಾವಿರಕ್ಕೆ ಸಿಗುವ ಹಲವು ಯಂತ್ರಗಳಲ್ಲಿರುವುದು ಹರಿತವಾದ ಹಲ್ಲುಚಕ್ರವಲ್ಲ, ಮೊಂಡು ಗೂಟಗಳಿರುವ ಎರಡು ಬಿಲ್ಲೆಗಳು. ಅವು ಬೀಜವನ್ನು ಪುಡಿಗುಟ್ಟಿ ಮಿಕ್ಸಿಯಷ್ಟೇ ಹಿಟ್ಟು ಮಾಡುತ್ತವೆ. ಡಬ್ಬದ ಮೇಲೆ ನುಣುಪಿನ ಎಷ್ಟು ಹಂತಗಳೆಂದು ಬರೆದಿದೆ ಎಂಬುದಕ್ಕಿಂತ, ಮೇಲಿನ ಬರ್ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆಯೇ, ಅದರ ಬಿಡಿಭಾಗ ಪ್ರತ್ಯೇಕವಾಗಿ ಸಿಗುತ್ತದೆಯೇ ಎಂದು ಕೇಳಿ. 40 ಮಿ.ಮೀ. ಶಂಕುವಿನಾಕಾರದ ಬರ್ ಇರುವ ಬರಾಟ್ಜಾ ಎನ್‌ಕೋರ್ ಮಾದರಿಯನ್ನು ಎಲ್ಲರೂ ಹೊಗಳುವುದಕ್ಕೆ ಅದರ ಬಿಡಿಭಾಗಗಳು ಸಿಗುವುದೂ ಒಂದು ಕಾರಣ, ಆದರೆ ಅದು ಅಗ್ಗದ್ದಲ್ಲ.

ಅಗ್ಗವೆಂದು ಅಮೆರಿಕದಿಂದ ತರಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿಂದ ತಂಗಿ ತಂದುಕೊಟ್ಟ ಗ್ರೈಂಡರ್‌ಗೆ ನಾನು ಪಿನ್ನು ಬದಲಿಸುವ ಅಡಾಪ್ಟರನ್ನಷ್ಟೇ ಹಾಕಿ ಸ್ವಿಚ್ ಒತ್ತಿದ್ದೆ. ಎರಡು ಸೆಕೆಂಡು ಅದು ಹುಚ್ಚು ಹಿಡಿದಂತೆ ತಿರುಗಿತು, ಬಳಿಕ ಅಡುಗೆಮನೆಯ ತುಂಬ ಸುಟ್ಟ ವೈಂಡಿಂಗ್‌ನ ವಾಸನೆ. ಅಲ್ಲಿಯ ವಿದ್ಯುತ್ತು 120 ವೋಲ್ಟ್, ಇಲ್ಲಿಯದು 230. ಮೊಬೈಲ್ ಚಾರ್ಜರ್‌ನಂತೆ ಎರಡನ್ನೂ ತಾಳಿಕೊಳ್ಳುವ ಗುಣ ಇಂಥ ಮೋಟಾರಿಗಿಲ್ಲ. ತಳದಲ್ಲಿ ಅಂಟಿಸಿದ ಚೀಟಿಯನ್ನು ಓದದಿದ್ದುದು ನನ್ನದೇ ತಪ್ಪು. ಕೈ ಗ್ರೈಂಡರ್ ತರಿಸಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ವಸ್ತು ಕೈಗೆ ಬಂದ ದಿನವೇ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು, ಎರಡು ಪರೀಕ್ಷೆ ಮಾಡಿ. ಮೊದಲನೆಯದಾಗಿ ಹಿಡಿಯನ್ನು ಹಿಡಿದು ನಡುಗಂಬಿಯನ್ನು ಅತ್ತಿತ್ತ ಅಲುಗಿಸಿ ನೋಡಿ. ಕಂಬಿ ಮೇಲೊಂದು ಕೆಳಗೊಂದು ಬೇರಿಂಗ್‌ನಲ್ಲಿ ಭದ್ರವಾಗಿ ಕೂತಿದ್ದರೆ ಅಲುಗುವುದಿಲ್ಲ, ಅಲುಗಿದರೆ ಬರ್‌ಗಳ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿ ಪುಡಿ ಎರಡು ಬಗೆಯಾಗುತ್ತದೆ. ಎರಡನೆಯದಾಗಿ 10 ಗ್ರಾಂ ಬೀಜವನ್ನು ಉಪ್ಪಿಟ್ಟಿನ ರವೆಯ ಅಳತೆಗೆ ಬೀಸಿ, ಬಿಳಿ ಕಾಗದದ ಮೇಲೆ ಹರಡಿ, ಮೊಬೈಲ್ ಟಾರ್ಚನ್ನು ಕಾಗದದ ಮಟ್ಟಕ್ಕೆ ಮಲಗಿಸಿ ಬೆಳಕು ಬಿಡಿ. ದಪ್ಪ ಚೂರುಗಳ ನೆರಳು ಉದ್ದವಾಗಿ ಬೀಳುತ್ತದೆ, ಹಿಟ್ಟು ಕಂದು ಮಸುಕಾಗಿ ಕಾಗದಕ್ಕೆ ಅಂಟಿರುತ್ತದೆ. ಸ್ವಲ್ಪ ಹಿಟ್ಟು ಎಂಥ ಗ್ರೈಂಡರ್‌ನಲ್ಲೂ ಇರುತ್ತದೆ. ಆದರೆ ಕಾಳುಮೆಣಸಿನ ಚೂರಿನಷ್ಟು ದೊಡ್ಡ ತುಂಡುಗಳು ಅಲ್ಲಲ್ಲಿ ಕಂಡರೆ ವಾಪಸು ಕಳಿಸಿ.

ಅಳತೆ ಕೂರಿಸಿಕೊಳ್ಳಲು ಸಮಯವೇ ದಾರಿ ತೋರಿಸುತ್ತದೆ. ಬರ್‌ಗಳು ಒಂದಕ್ಕೊಂದು ತಾಗಿ ಹಿಡಿ ನಿಲ್ಲುವಲ್ಲಿಗೆ ಸೊನ್ನೆಯೆಂದು ಇಟ್ಟುಕೊಂಡು, ಅಲ್ಲಿಂದ ಸಡಿಲಿಸುತ್ತ ಬರುವ ಕ್ಲಿಕ್ ಸದ್ದುಗಳನ್ನು ಎಣಿಸಿ ಬರೆದಿಡಿ. ಕಾಗದದ ಕಾಫಿ 15 ಗ್ರಾಂ ಪುಡಿಗೆ ಎರಡೂವರೆಯಿಂದ ಮೂರೂವರೆ ನಿಮಿಷದಲ್ಲಿ ಇಳಿದು ಮುಗಿಯಬೇಕು; ಬೇಗ ಇಳಿದು ಹುಳಿ ಹುಳಿಯಾದರೆ ಎರಡು ಕ್ಲಿಕ್ ಬಿಗಿ, ತಡವಾಗಿ ಕಹಿಯಾದರೆ ಎರಡು ಕ್ಲಿಕ್ ಸಡಿಲ. ನಮ್ಮ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯಲು 20–30 ನಿಮಿಷ ಹಿಡಿಯುವುದು ಸರಿಯಾದ ಲಕ್ಷಣ. ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ಲೋಟ ತಟ್ಟಿ ಅದನ್ನು ಗೋಳಾಡಿಸದೆ, ಮರುದಿನ ಪುಡಿಯನ್ನು ತುಸು ತರಿಯಾಗಿಸಿ. ಚಿಕೋರಿ ಬೇಕೆನ್ನುವವರು ಅದನ್ನು ಬೀಸಿದ ಮೇಲೆ ಚಮಚದಲ್ಲಿ ಬೆರೆಸಿಕೊಳ್ಳಬೇಕು. ಗಾಳಿಯ ತೇವ ಹೀರಿ ಅಂಟಂಟಾಗುವ ಅದು ಬರ್‌ನ ಹಲ್ಲಿಗೆ ಮೆತ್ತಿಕೊಂಡರೆ ಬಿಡಿಸುವುದು ಕಷ್ಟ.

ಸದ್ಯಕ್ಕೆ ಏನೂ ಕೊಳ್ಳಲಾಗದವರು ಮಿಕ್ಸಿಯಲ್ಲೇ ಒಂದೆರಡು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ, ಪ್ರತಿ ಸಲವೂ ಜಾರನ್ನು ಕುಲುಕಿ, ಕೊನೆಗೆ ಜರಡಿ ಹಿಡಿದು ದಪ್ಪ ತರಿಯನ್ನು ಮತ್ತೆ ಹಾಕಬಹುದು. ಜೀರಿಗೆ, ಧನಿಯ ಪುಡಿ ಮಾಡಿದ ಜಾರು ಮಾತ್ರ ಬೇಡ, ಎಷ್ಟು ತೊಳೆದರೂ ಆ ವಾಸನೆ ಕಾಫಿಗೆ ಹತ್ತುತ್ತದೆ. ಅದೇ ಕಾರಣಕ್ಕೆ ಹೊಸ ಗ್ರೈಂಡರ್‌ನಲ್ಲಿ ಸಾರಿನ ಪುಡಿಯ ಪ್ರಯೋಗವನ್ನೂ ಮಾಡಬಾರದು.

ಸ್ಟೀಲ್ ಬರ್‌ಗೆ ನೀರು ತಾಗಿಸದೆ ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು. ಶುಚಿಗೆಂದು ಅಕ್ಕಿ ಹಾಕಿ ತಿರುಗಿಸುವ ಸಲಹೆಯನ್ನು ಕೇಳಬೇಡಿ, ಅಕ್ಕಿ ಹುರಿದ ಬೀಜಕ್ಕಿಂತ ಗಟ್ಟಿ. ಒಣ ಹವೆಯಲ್ಲಿ ಪುಡಿ ಡಬ್ಬಕ್ಕೆಲ್ಲ ಮೆತ್ತಿಕೊಳ್ಳುವುದಾದರೆ ಬೀಸುವ ಮೊದಲು ಬೀಜಕ್ಕೆ ಒಂದೇ ಒಂದು ಹನಿ ನೀರು ಸೋಕಿಸಿ ಕಲಸಿ. ಇನ್ನು ಊರಿನ ತೋಟದಿಂದ ಬಂದ, ಕಣದಲ್ಲಿ ಒಣಗಿಸಿ ಮನೆಯಲ್ಲೇ ಹುರಿದ ಬೀಜವಾದರೆ ಅದನ್ನು ತಟ್ಟೆಯಲ್ಲಿ ಹರಡಿ, ಅಕ್ಕಿ ಆರಿಸಿದಂತೆ ಆರಿಸಲೇಬೇಕು. ಹುರಿದ ಬೀಜದ ನಡುವೆ ಅಡಗಿದ ಅದೇ ಬಣ್ಣದ ಒಂದು ಸಣ್ಣ ಕಲ್ಲು ಸೆರಾಮಿಕ್ ಬರ್‌ನ ಹಲ್ಲು ಮುರಿಯಲು ಸಾಕು. ತಿರುಗಿಸುವಾಗ ಹಿಡಿ ತಟ್ಟನೆ ಕಚ್ಚಿ ನಿಂತರೆ ಬಲ ಹಾಕದೆ ಹಿಂದಕ್ಕೆ ತಿರುಗಿಸಿ, ಬೀಜವನ್ನೆಲ್ಲ ಸುರಿದು, ಬರ್ ಬಿಚ್ಚಿ ಕಲ್ಲನ್ನು ತೆಗೆದ ಮೇಲೆಯೇ ಮತ್ತೆ ತುಂಬಿ.